ಡಿಸೆಂಬರ್ 25ಕ್ಕೆ ಹಬ್ಬ ಮುಗಿಯುವುದಿಲ್ಲ, ಶುರುವಾಗುತ್ತದೆ

ಪ್ರಶ್ನೆ: ನನಗೆ 39 ವರ್ಷ. ತವರು ಮಂಗಳೂರು ಕಡೆ, ಮದುವೆಯಾದ ಮೇಲೆ ಬೆಂಗಳೂರು. ನಾವು ಕೊಂಕಣಿ ಮಾತಾಡುವ ಕ್ಯಾಥೋಲಿಕರು. ನಾನು ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿದ್ದೇನೆ, ಗಂಡನದೂ ಕಂಪನಿ ಕೆಲಸವೇ. ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು.

ನನ್ನ ಸಮಸ್ಯೆ ಕೇಳಿದರೆ ನಿಮಗೆ ನಗು ಬರಬಹುದು. ಕ್ರಿಸ್ಮಸ್ ಬಂತೆಂದರೆ ನನಗೆ ಭಯ. ನವೆಂಬರ್ ಕೊನೆಗೇ ನಿದ್ದೆ ಹಾಳಾಗುತ್ತದೆ. ಮಕ್ಕಳ ಶಾಲೆಯಲ್ಲಿ ಸೀಕ್ರೆಟ್ ಸಾಂಟಾ, ನನ್ನ ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ, ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ಅಲಂಕಾರದ ಸ್ಪರ್ಧೆ. ಅಕ್ಕಪಕ್ಕದವರಿಗೆ, ಸಹೋದ್ಯೋಗಿಗಳಿಗೆ, ಎರಡೂ ಕಡೆಯ ನೆಂಟರಿಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳ ತಟ್ಟೆ, ಕೊಡಬೇಕು. ಎಲ್ಲರಿಗೂ ಹೊಸ ಬಟ್ಟೆ. ಚರ್ಚಿನ ಕ್ಯಾರಲ್ಸ್ ತಂಡ ಮನೆಗೆ ಬರುವ ದಿನ ತಿಂಡಿ. ಊರಿಗೆ ಹೋಗೋಣ ಎಂದರೆ ಬಸ್ ಟಿಕೆಟ್ಟಿನ ದರ ನೋಡಿಯೇ ತಲೆ ತಿರುಗುತ್ತದೆ. ಇದೆಲ್ಲದರ ಪಟ್ಟಿ ಇರುವುದು ನನ್ನ ತಲೆಯಲ್ಲಿ ಮಾತ್ರ. ಹೋದ ವರ್ಷದ ಕ್ರೆಡಿಟ್ ಕಾರ್ಡ್ ಬಾಕಿ ತೀರಿಸುವಷ್ಟರಲ್ಲಿ ಮೇ ತಿಂಗಳಾಗಿತ್ತು.

"ಇದೆಲ್ಲ ಬರೀ ಬಿಸಿನೆಸ್. ಈ ಸಲ ಏನೂ ಬೇಡ, ಎಲ್ಲಾದರೂ ರೆಸಾರ್ಟಿಗೆ ಹೋಗಿಬಿಡೋಣ" ಅನ್ನುತ್ತಾರೆ ಗಂಡ. ಅತ್ತೆ ಫೋನಿನಲ್ಲಿ, "ಕುಸ್ವಾರ್ ಇಲ್ಲದ ಹಬ್ಬ ಎಂಥ ಹಬ್ಬ? ನಮ್ಮ ಕಾಲದಲ್ಲಿ ಅಂಗಡಿಯಿಂದ ಒಂದು ತುಂಡು ತಂದವರಲ್ಲ" ಅನ್ನುತ್ತಾರೆ. ಹೋದ ವರ್ಷ ಮಧ್ಯರಾತ್ರಿಯ ಬಲಿಪೂಜೆಯಲ್ಲಿ ಕೂತಿದ್ದಾಗ ಫೋನ್ ತೆಗೆದು ಮರುದಿನದ ಊಟದ ಆರ್ಡರ್ ಬಂತಾ ಎಂದು ನೋಡಿದೆ. ಆಮೇಲೆ ಬಹಳ ನಾಚಿಕೆಯಾಯಿತು. ಕುಸ್ವಾರಿನ ನೆವ್ರಿ ಮಾತ್ರ ಪ್ರತಿವರ್ಷ ಅಮ್ಮನೇ ಮಾಡಿ ಬಸ್ಸಿನಲ್ಲಿ ಕಳಿಸುತ್ತಿದ್ದರು, ಈ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ನಾನು ಸಣ್ಣವಳಿದ್ದಾಗ ಇದ್ದ ಕ್ರಿಸ್ಮಸ್ ಎಲ್ಲಿಗೆ ಹೋಯಿತು? ನನ್ನ ವಿಶ್ವಾಸವೇ ಕಡಿಮೆಯಾಗಿದೆಯಾ? ದಯವಿಟ್ಟು ದಾರಿ ತೋರಿಸಿ.

– ಹೆಸರು ಬೇಡ, ಬೆಂಗಳೂರು

ಉತ್ತರ: ನಗು ಬರಲಿಲ್ಲ. ಹಬ್ಬದಿಂದ ಒತ್ತಡವಾಗುತ್ತದೆ ಎನ್ನುವುದು ವೈದ್ಯರಿಗೆ ಹೊಸ ಸುದ್ದಿಯೂ ಅಲ್ಲ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು 1967ರಲ್ಲಿ ಬದುಕಿನ 43 ಘಟನೆಗಳನ್ನು ಪಟ್ಟಿ ಮಾಡಿ, ಒಂದೊಂದೂ ಮನುಷ್ಯನ ಮೇಲೆ ಎಷ್ಟು ಭಾರ ಹೊರಿಸುತ್ತದೆ ಎಂದು ಅಂಕ ಕೊಟ್ಟರು. ಸಂಗಾತಿಯ ಸಾವಿಗೆ 100 ಅಂಕ. ಅದೇ ಪಟ್ಟಿಯ ಕೊನೆಯ ಭಾಗದಲ್ಲಿ ಕ್ರಿಸ್ಮಸ್ ಕೂಡ ಇದೆ, ಅದಕ್ಕೆ 12 ಅಂಕ. ಸಣ್ಣಪುಟ್ಟ ಕಾನೂನು ಮುರಿದು ಸಿಕ್ಕಿಬೀಳುವುದಕ್ಕೆ ಅವರು ಕೊಟ್ಟದ್ದು 11. ಪೊಲೀಸರ ಕೈಗೆ ಸಿಕ್ಕುವುದಕ್ಕಿಂತ ಒಂದು ಅಂಕ ಹೆಚ್ಚಿನ ತಲೆನೋವು ಕ್ರಿಸ್ಮಸ್ ಎಂದಾಯಿತು!

ಆದರೆ ಆ ಪಟ್ಟಿಯಲ್ಲಿ ನಿಮಗೆ ಸಂಬಂಧಿಸಿದ ಇನ್ನೊಂದು ಸಂಗತಿಯಿದೆ. ಹತ್ತಿರದ ಬಂಧುವಿನ ಸಾವಿಗೆ 63 ಅಂಕ. ಪತ್ರದ ತುಂಬ ನೀವು ಸಾಂಟಾ, ಸ್ಪರ್ಧೆ, ಟಿಕೆಟ್ಟು, ಕಾರ್ಡ್ ಬಾಕಿ ಬರೆದಿದ್ದೀರಿ. ತಾಯಿಯ ಬಗ್ಗೆ ಒಂದೇ ಸಾಲು, ಅದೂ ನೆವ್ರಿಯ ಲೆಕ್ಕದಲ್ಲಿ. ಇದು ಅವರಿಲ್ಲದ ಮೊದಲ ಕ್ರಿಸ್ಮಸ್. ಹಿಂದಿನ ವರ್ಷಗಳಲ್ಲಿ ಕಷ್ಟಪಟ್ಟಾದರೂ ಹೊತ್ತುಕೊಂಡಿದ್ದ ಹೊರೆ ಈ ವರ್ಷ ಎತ್ತಲಾರದಷ್ಟು ಭಾರ ಅನ್ನಿಸುತ್ತಿದ್ದರೆ ಆಶ್ಚರ್ಯವೇನಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ.

ವಿಶ್ವಾಸದ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಪೂಜೆಯ ನಡುವೆ ಫೋನ್ ನೋಡಿದ್ದಕ್ಕೆ ಒಂದು ವರ್ಷವಾದರೂ ನಾಚಿಕೆಪಡುತ್ತಿರುವವರ ವಿಶ್ವಾಸ ಕಡಿಮೆಯಾಗಿದೆ ಎಂದು ನಾನು ಒಪ್ಪಲಾರೆ. ನಿಮಗೆ ಆಗಿರುವುದು ದಣಿವು. ಆ ಹೊತ್ತಿನಲ್ಲಿ ಫೋನ್ ನೋಡಬೇಕಾಗಿ ಬಂದದ್ದು ಮರುದಿನದ ಊಟದ ಚಿಂತೆ ಆ ಮನೆಯಲ್ಲಿ ಬೇರೆ ಯಾರಿಗೂ ಇರಲಿಲ್ಲವಾದ್ದರಿಂದ.

ಈಗ ನಿಮ್ಮ ಮನೆಯವರ ಸಲಹೆಯನ್ನು ನೋಡೋಣ. ಹಬ್ಬವನ್ನೇ ರದ್ದು ಮಾಡುವುದು. ಚರಿತ್ರೆಯಲ್ಲಿ ಇದನ್ನು ಮಾಡಿ ನೋಡಿದವರಿದ್ದಾರೆ. ಕ್ರಿಸ್ಮಸ್ ಎಂದರೆ ಕುಡಿತ, ಗದ್ದಲ, ದುಂದು ಎಂದು ಸಿಟ್ಟಾದ ಪ್ಯೂರಿಟನ್ ಕ್ರೈಸ್ತರು ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1659ರಲ್ಲಿ ಹಬ್ಬಾಚರಣೆಗೆ ಐದು ಶಿಲಿಂಗ್ ದಂಡ ಹಾಕಿದರು. ಕಾನೂನು 1681ರಲ್ಲಿ ರದ್ದಾಯಿತು, ಹಬ್ಬ ಉಳಿಯಿತು. ವ್ಯಾಪಾರದ ಮೇಲಿನ ಸಿಟ್ಟಿನಿಂದ ಹಬ್ಬ ಬಿಟ್ಟು ರೆಸಾರ್ಟಿಗೆ ಹೋದರೆ ಅಲ್ಲಿಯೂ ಕಾಯುವುದು ವ್ಯಾಪಾರವೇ. ಕೋಣೆಗೆ ಡಿಸೆಂಬರಿನ ದರ, ಗಾಲಾ ಡಿನ್ನರಿಗೆ ಬೇರೆ ದರ, ಬಾಗಿಲಲ್ಲಿ ಬಾಡಿಗೆಯ ಸಾಂಟಾ. ಜತೆಗೆ ತಾಯಿಯ ಮೊದಲ ವರ್ಷದ ನೆನಪನ್ನು ಹೊತ್ತುಕೊಂಡು ಅಪರಿಚಿತ ಜಾಗದಲ್ಲಿ ಕೂರಬೇಕು. ಈ ವರ್ಷದ ಮಟ್ಟಿಗೆ ನಾನು ಅದನ್ನು ಬೇಡ ಅನ್ನುತ್ತೇನೆ.

ಹಾಗೆಂದು ಎಲ್ಲ ತಪ್ಪನ್ನೂ ಮಾರುಕಟ್ಟೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಲಂಡನ್ನಿನಲ್ಲಿ 1843ರ ಡಿಸೆಂಬರಿನಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ 'ಎ ಕ್ರಿಸ್ಮಸ್ ಕ್ಯಾರಲ್' ಹೊರಬಂತು. ಜಿಪುಣನೊಬ್ಬನ ಮನಸ್ಸು ಕರಗುವ ಆ ಕಥೆಯನ್ನು ಜಗತ್ತು ಇವತ್ತಿಗೂ ಕ್ರಿಸ್ಮಸ್ಸಿನ ಹೃದಯ ಎಂದೇ ಓದುತ್ತದೆ. ಅದೇ ವರ್ಷ, ಅದೇ ಊರಿನಲ್ಲಿ ಹೆನ್ರಿ ಕೋಲ್ ಎಂಬಾತ ಮೊದಲ ಕ್ರಿಸ್ಮಸ್ ಕಾರ್ಡ್ ಅಚ್ಚು ಹಾಕಿಸಿ ಒಂದಕ್ಕೆ ಒಂದು ಶಿಲಿಂಗಿನಂತೆ ಮಾರಿದ. ಡಿಕನ್ಸನಿಗೂ ಆಗ ದುಡ್ಡಿನ ಮುಗ್ಗಟ್ಟಿತ್ತು, ಪುಸ್ತಕ ಬರೆಯಲು ಅದೂ ಒಂದು ಕಾರಣ. ಈಗ ನಾವು ಆಚರಿಸುವ ರೀತಿಯ ಕ್ರಿಸ್ಮಸ್ಸಿನಲ್ಲಿ ಭಾವವೂ ಬಿಕರಿಯೂ ಹುಟ್ಟಿನಿಂದಲೇ ಒಟ್ಟಿಗಿವೆ. ಅಂಗಡಿಗೆ ಕಾಲಿಟ್ಟ ಮಾತ್ರಕ್ಕೆ ಹಬ್ಬ ಕೆಡುವುದಿಲ್ಲ.

ಹಾಗಾದರೆ ಕೆಟ್ಟಿದ್ದು ಏನು? ನನ್ನ ಪ್ರಕಾರ ಕೆಟ್ಟಿರುವುದು ಹಬ್ಬದ ತಾರೀಕು. ಮಾರುಕಟ್ಟೆಯ ಕ್ರಿಸ್ಮಸ್ ನವೆಂಬರಿನಲ್ಲಿ ಶುರುವಾಗಿ ಡಿಸೆಂಬರ್ 25ರ ಮಧ್ಯಾಹ್ನಕ್ಕೆ ಮುಗಿಯುತ್ತದೆ. 26ಕ್ಕೆ ಅದೇ ಗಾಜಿನ ಕಪಾಟಿನಲ್ಲಿ ಹೊಸ ವರ್ಷದ ಸೇಲ್. ನಿಮ್ಮ ಚರ್ಚಿನ ಪಂಚಾಂಗ ಹೇಳುವುದು ಇದನ್ನು ಪೂರ್ತಿ ತಿರುಗಿಸಿ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನ ಕಾಲ. ಪೀಠದ ಮೇಲೆ ನೇರಳೆ ಬಣ್ಣ, ಹೂವಿನ ಅಲಂಕಾರ ಮಿತವಾಗಿ, ಭಾನುವಾರದ ಪೂಜೆಯಲ್ಲಿ ಗ್ಲೋರಿಯಾ ಹಾಡುವುದಿಲ್ಲ. ಅದು ಕಾಯುವ ಕಾಲ, ಕಡಿಮೆ ಮಾಡಿಕೊಳ್ಳುವ ಕಾಲ. ಹಬ್ಬ ಶುರುವಾಗುವುದು 24ರ ರಾತ್ರಿ. ಅಲ್ಲಿಂದ ಮೂವರು ಜ್ಞಾನಿಗಳ ಹಬ್ಬವನ್ನೂ ದಾಟಿ ಯೇಸುವಿನ ಜ್ಞಾನಸ್ನಾನದ ಹಬ್ಬದವರೆಗೆ ಕ್ರಿಸ್ಮಸ್ ಕಾಲ ನಡೆಯುತ್ತದೆ. ಅಂದರೆ ಎರಡು ವಾರದ ಹಬ್ಬವನ್ನು ನೀವು ಒಂದೇ ದಿನಕ್ಕೆ ಇಳಿಸಿಕೊಂಡಿದ್ದೀರಿ, ಕಾಯಬೇಕಾದ ನಾಲ್ಕು ವಾರವನ್ನು ಓಡಾಟಕ್ಕೆ ಕೊಟ್ಟಿದ್ದೀರಿ. ಚಿಕ್ಕವರಿದ್ದಾಗಿನ ಕ್ರಿಸ್ಮಸ್ ಎಲ್ಲಿಗೆ ಹೋಯಿತು ಎಂದು ಕೇಳಿದಿರಲ್ಲ, ಬಹುಪಾಲು 25ರ ಆಚೆಗೆ ಹಾಗೇ ಇದೆ. ಅಲ್ಲಿಗೆ ತಲುಪುವಷ್ಟರಲ್ಲಿ ನಿಮಗೆ ಸುಸ್ತಾಗಿರುತ್ತದೆ, ಅಷ್ಟೆ.

ಆದ್ದರಿಂದ ನನ್ನ ಮೊದಲ ಸಲಹೆ ಏನನ್ನೂ ಬಿಡುವುದಲ್ಲ, ಆದಷ್ಟನ್ನು ಮುಂದಕ್ಕೆ ಹಾಕುವುದು. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ 24ರೊಳಗೆ ಆಗಲೇಬೇಕಾದದ್ದು, ಬಲಕ್ಕೆ 26ರ ನಂತರ ಆಗಬಹುದಾದದ್ದು. ಎಡಗಡೆ ಗೋದಲಿ, ನಕ್ಷತ್ರ, ಕನ್ಫೆಶನ್, ಪೂಜೆ, 25ರ ಊಟ, ಮಕ್ಕಳ ಬಟ್ಟೆ. ಇಷ್ಟೇ ಸಾಕು. ನೆಂಟರ ಭೇಟಿ, ಸಹೋದ್ಯೋಗಿಗಳಿಗೆ ಸಿಹಿ, ದೂರದವರಿಗೆ ಉಡುಗೊರೆ, ದೊಡ್ಡವರ ಬಟ್ಟೆ ಎಲ್ಲವೂ ಬಲಗಡೆಗೆ. ಡಿಸೆಂಬರ್ 28ಕ್ಕೆ ಬಾಗಿಲು ತಟ್ಟಿ ಕುಸ್ವಾರ್ ತಟ್ಟೆ ಕೊಟ್ಟರೆ ತಡವಾಯಿತು ಎಂದು ಯಾರೂ ಹಿಂದಿರುಗಿಸುವುದಿಲ್ಲ. ಎಲ್ಲರ ಮನೆಯ ಕೇಕ್ ಮುಗಿದಿರುವ ಆ ಹೊತ್ತಿಗೆ ನಿಮ್ಮ ತಟ್ಟೆಗೆ ಹೆಚ್ಚಿನ ಮರ್ಯಾದೆ ಸಿಕ್ಕೀತು.

ಊರಿನ ಪ್ರಯಾಣವನ್ನೂ ಹೀಗೇ ಯೋಚಿಸಿ. ಕ್ರಿಸ್ಮಸ್ ಹಿಂದಿನ ದಿನಗಳಲ್ಲಿ ಬೆಂಗಳೂರಿನಿಂದ ಕರಾವಳಿಗೆ ಹೊರಡುವ ಬಸ್ಸುಗಳಿಗೆ ನೂಕುನುಗ್ಗಲು, ದರವೂ ಅದಕ್ಕೆ ತಕ್ಕಂತೆ. ಮೂವರು ಜ್ಞಾನಿಗಳ ಹಬ್ಬದ ಮೂಲ ದಿನಾಂಕ ಜನವರಿ 6 ಆದರೂ ನಮ್ಮ ದೇಶದಲ್ಲಿ ಅದನ್ನು ಹತ್ತಿರದ ಭಾನುವಾರ ಆಚರಿಸುತ್ತಾರೆ. ಆ ಶನಿವಾರ, ಭಾನುವಾರ ಅತ್ತೆಯ ಮನೆಗೆ ಹೋಗಿ ಬರಲಾಗುತ್ತದೆಯೇ ನೋಡಿ. ಜ್ಞಾನಿಗಳು ಉಡುಗೊರೆ ತಂದ ದಿನ ಅಜ್ಜಿಯ ಕೈಯಿಂದ ಮೊಮ್ಮಕ್ಕಳಿಗೆ ಉಡುಗೊರೆ ಸಿಕ್ಕರೆ ಅದಕ್ಕಿಂತ ಸರಿಯಾದ ದಿನ ಬೇರೆ ಯಾವುದಿದೆ?

ಇನ್ನು ಕುಸ್ವಾರ್. ಅತ್ತೆ ಹೇಳುವುದು ಸುಳ್ಳಲ್ಲ, ಆದರೆ ಅವರು ಅರ್ಧ ಹೇಳಿದ್ದಾರೆ. ಅವರ ಕಾಲದ ಅಡುಗೆಮನೆಯನ್ನು ನೆನಪಿಸಿಕೊಳ್ಳಿ. ನೆವ್ರಿಗೆ ಎಳ್ಳು ಹುರಿಯುವವರು ಒಬ್ಬರು, ಕಾಯಿ ತುರಿಯುವವರು ಒಬ್ಬರು, ಹಾಳೆ ಲಟ್ಟಿಸುವವರು, ಅಂಚು ಮಡಚುವವರು, ಬಾಣಲೆಯ ಮುಂದೆ ಕೂರುವವರು. ಮಕ್ಕಳೆಲ್ಲ ಸುತ್ತ ಕೂತು ಫೋರ್ಕಿನ ಮೇಲೆ, ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಕಿಡಿಯೊ ಸುರುಳಿ ಸುತ್ತುತ್ತಿದ್ದರು. ಅತ್ತಿಗೆ, ನಾದಿನಿ, ಪಕ್ಕದ ಮನೆಯವರು ಎಲ್ಲರೂ ಸೇರುತ್ತಿದ್ದ ಕೆಲಸ ಅದು. ಕೊಕ್ಕಿಸಾಂನ ಅಚ್ಚು ಎಣ್ಣೆಯಲ್ಲಿ ಅದ್ದುವಾಗ ಹಿಟ್ಟು ಬಿಡದೆ ಹಟ ಮಾಡಿದರೆ ನಗಲು ಜನರಿದ್ದರು. ಈಗ ಕೆಲಸ ಅಷ್ಟೇ ಇದೆ, ಕೈ ಮಾತ್ರ ಎರಡು. ಅದೂ ಆಫೀಸಿನಿಂದ ರಾತ್ರಿ ಎಂಟಕ್ಕೆ ಮನೆ ಸೇರುವ ಕೈ. ಹತ್ತು ಜನರ ಸಂಭ್ರಮವನ್ನು ಒಬ್ಬರೇ ಮಾಡಿದರೆ ಅದು ಜೀತವಾಗುತ್ತದೆ.

ಹಾಗಾಗಿ ಒಂದೇ ತಿಂಡಿ ಆರಿಸಿಕೊಳ್ಳಿ. ಈ ವರ್ಷ ಅದು ನೆವ್ರಿಯೇ ಆಗಲಿ ಎಂದು ನನ್ನ ಆಸೆ. ಆಗಮನ ಕಾಲದ ಒಂದು ಭಾನುವಾರ ಮಧ್ಯಾಹ್ನ ಮನೆಯ ನಾಲ್ವರೂ ಕೂತು ಮಾಡಿ. ತವರಿನಲ್ಲಿ ಅಕ್ಕನೋ ತಮ್ಮನೋ ಇದ್ದರೆ ವಿಡಿಯೊ ಕಾಲ್ ಹಾಕಿ, ಅಮ್ಮ ಏಲಕ್ಕಿ ಎಷ್ಟು ಹಾಕುತ್ತಿದ್ದರು ಎಂದು ಜಗಳವಾಡಿ. ಅಂಚು ಬಿಟ್ಟುಕೊಂಡು ಹೂರಣ ಎಣ್ಣೆಗೆ ಚೆಲ್ಲಿದರೂ ಪರವಾಗಿಲ್ಲ. ಮಿಕ್ಕದ್ದನ್ನು ಕೊಂಡುಕೊಳ್ಳಿ. ಮಂಗಳೂರಿನ ತಿಂಡಿ ಮಾರುವ ಅಂಗಡಿಗಳು ಬೆಂಗಳೂರಿನಲ್ಲೂ ಇವೆ, ಮನೆಯಲ್ಲೇ ಮಾಡಿ ಮಾರುವ ಹೆಂಗಸರು ನಿಮ್ಮ ಚರ್ಚಿನಲ್ಲೇ ಇರಬಹುದು. ಡಿಸೆಂಬರಿನಲ್ಲಿ ಹತ್ತು ಕಿಲೊ ಚಕ್ಕುಲಿ ಕರಿದು ಮಗಳ ಫೀಸ್ ಕಟ್ಟುವ ಒಬ್ಬಾಕೆಯಿಂದ ನೀವು ಕೊಂಡರೆ ಅದು ಹಬ್ಬಕ್ಕೆ ಬಗೆದ ದ್ರೋಹವಾಗುವುದಿಲ್ಲ. ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ನೋಡಿ ಖರ್ಚು ಮಾಡುವುದೂ ಹಬ್ಬದ ಕೆಲಸವೇ.

ಅತ್ತೆಗೆ ಇದನ್ನು ಹೇಳುವುದು ಹೇಗೆ? ವಾದಕ್ಕಿಳಿಯಬೇಡಿ. "ನಮ್ಮ ಕಾಲದಲ್ಲಿ" ಎಂದು ಅವರು ಶುರು ಮಾಡಿದಾಗ ಅದರೊಳಗೆ ದೂರಿಗಿಂತ ಹೆಚ್ಚಾಗಿ ಒಂಟಿತನ ಇರುತ್ತದೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಅವರ ಒಲೆಯೂ ತಣ್ಣಗಾಗಿದೆ. ಹೀಗೆ ಹೇಳಿ ನೋಡಿ: "ಅತ್ತೆ, ಈ ಸಲ ಅಮ್ಮ ಇಲ್ಲ. ನನ್ನಿಂದ ಎಲ್ಲ ಆಗುವುದಿಲ್ಲ. ನೆವ್ರಿ ಮಾತ್ರ ಮಾಡುತ್ತೇನೆ, ಲಾಡು ನೀವು ಮಾಡಿಡಿ. ಜನವರಿಯಲ್ಲಿ ಬಂದಾಗ ಮಗಳಿಗೆ ನೀವೇ ಕಲಿಸಿಕೊಡಬೇಕು." ಇದರಲ್ಲಿ ಸುಳ್ಳಿಲ್ಲ, ಸೋಲೂ ಇಲ್ಲ. ತಾಯಿ ಕಳೆದುಕೊಂಡ ಸೊಸೆ ಕೈಚಾಚಿದಾಗ ಮುಖ ತಿರುಗಿಸುವ ಅತ್ತೆಯರು ಕಡಿಮೆ. ತಿರುಗಿಸಿದರೂ ನಿಮ್ಮ ಹಾಳೆಯ ಗೆರೆ ಬದಲಾಗುವುದು ಬೇಡ.

ಮನೆಯವರ ವಿಷಯಕ್ಕೆ ಬರೋಣ. ಲೂಕನ ಶುಭಸಂದೇಶದ ಮಾರ್ತಾ ಮತ್ತು ಮರಿಯಳ ಕಥೆ ನಿಮಗೆ ಗೊತ್ತು. ಯೇಸು ಮನೆಗೆ ಬಂದಾಗ ಮಾರ್ತಾ ಉಪಚಾರದಲ್ಲಿ ಮುಳುಗಿ ಸಿಡಿಮಿಡಿಗೊಳ್ಳುತ್ತಾಳೆ, ತಂಗಿ ಅವರ ಪಾದದ ಬಳಿ ಕೂತು ಕೇಳುತ್ತಾಳೆ. ಈ ಕಥೆ ಹೇಳಿ ಹೆಂಗಸರಿಗೆ "ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಡ, ಮರಿಯಳ ಹಾಗೆ ಕೂತುಕೋ" ಎಂದು ಬುದ್ಧಿ ಹೇಳುವವರು ಬಹಳ. ಎಲ್ಲರೂ ಕೂತರೆ ಊಟಕ್ಕೇನು ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುವ ಪ್ರಶ್ನೆ ಬೇರೆ: ಆ ಅಡುಗೆಮನೆಯಲ್ಲಿ ಮಾರ್ತಾ ಒಬ್ಬಳೇ ಏಕಿದ್ದಳು? ನಿಮ್ಮ ಗಂಡನಿಗೆ ಹಬ್ಬ ಬರೀ ಬಿಸಿನೆಸ್ ಎಂದು ಹೇಳುವಷ್ಟು ಬಿಡುವಿದೆ, ಏಕೆಂದರೆ ಪಟ್ಟಿ ಇರುವುದು ನಿಮ್ಮ ತಲೆಯಲ್ಲಿ. "ಸ್ವಲ್ಪ ಸಹಾಯ ಮಾಡಿ" ಎಂದು ಕೇಳಬೇಡಿ. ಸಹಾಯ ಕೇಳಿದರೆ ನೆನಪಿಸುವ ಕೆಲಸ ನಿಮ್ಮ ಪಾಲಿಗೇ ಉಳಿಯುತ್ತದೆ. ಕೆಲವು ಕೆಲಸಗಳನ್ನು ಬುಡದಿಂದ ತುದಿಯವರೆಗೆ ಅವರಿಗೆ ಒಪ್ಪಿಸಿ. 25ರ ಊಟ ಪೂರ್ತಿ ಅವರದು: ಸಾನ್ನಾಂ ಎಲ್ಲಿಂದ, ಬಫಾತ್ ಯಾರು ಮಾಡುವುದು, ಎಷ್ಟು ಜನಕ್ಕೆ ಎಂಬುದೆಲ್ಲ. ಕ್ಯಾರಲ್ಸ್ ದಿನದ ತಿಂಡಿ, ಬಸ್ ಟಿಕೆಟ್ಟು ಅವರದು. ಅವರು ಮಾಡಿದ್ದು ನೀವು ಮಾಡುವಂತಿರುವುದಿಲ್ಲ. ಆಗ ಬಾಯಿ ಬಿಗಿಹಿಡಿಯುವುದು ನಿಮ್ಮ ಪಾಲಿನ ಕೆಲಸ.

ಇಬ್ಬರೂ ಕೂತು ಮಾಡಬೇಕಾದದ್ದು ಇನ್ನೊಂದಿದೆ. ಹೋದ ವರ್ಷದ ಡಿಸೆಂಬರ್ ತಿಂಗಳ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲು ಓದಿ. ಯಾವುದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆಯೋ ಅದಕ್ಕೊಂದು ಗುರುತು ಹಾಕಿ. ಗುರುತಿಲ್ಲದ ಸಾಲುಗಳೇ ಈ ವರ್ಷದ ಉಳಿತಾಯ. ಅಕೌಂಟ್ಸಿನವರಾದ ನಿಮಗೆ ಬಡ್ಡಿಯ ಲೆಕ್ಕ ನಾನು ಹೇಳಬೇಕಿಲ್ಲ. ಅನೇಕ ಕಾರ್ಡುಗಳಲ್ಲಿ ಬಾಕಿಯ ಮೇಲೆ ತಿಂಗಳಿಗೆ ಶೇ 3ಕ್ಕೂ ಮೇಲೆ, ಅಂದರೆ ವರ್ಷಕ್ಕೆ ಶೇ 36 ದಾಟುವ ಬಡ್ಡಿ. ಮೇ ತಿಂಗಳವರೆಗೆ ತೀರಿಸಿದ ಉಡುಗೊರೆಗೆ ಅಂಗಡಿಯ ಚೀಟಿಯಲ್ಲಿದ್ದ ಬೆಲೆಗಿಂತ ಎಷ್ಟೋ ಹೆಚ್ಚು ಕೊಟ್ಟಿದ್ದೀರಿ. ಈ ವರ್ಷದ ಒಟ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿ, ಅಷ್ಟನ್ನೇ ಬೇರೆ ಖಾತೆಯಲ್ಲೋ ಲಕೋಟೆಯಲ್ಲೋ ಇಟ್ಟು ಅದರಿಂದ ಮಾತ್ರ ಖರ್ಚು ಮಾಡಿ. ಹಬ್ಬದ ಖರ್ಚಿಗೆ ಕಾರ್ಡ್ ಮುಟ್ಟಬೇಡಿ.

ಉಡುಗೊರೆಯ ಬಗ್ಗೆ ಮಕ್ಕಳೊಂದಿಗೆ ಮಾತಾಡಲು ಒಳ್ಳೆಯ ಕಥೆಯೊಂದಿದೆ. ಸಾಂಟಾನ ಹಿಂದಿರುವವರು ಸಂತ ನಿಕೋಲಸ್, ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾದಲ್ಲಿದ್ದ ಬಿಷಪ್. ಅವರ ಹಬ್ಬ ಡಿಸೆಂಬರ್ 6ಕ್ಕೆ. ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹೆಣ್ಣುಮಕ್ಕಳ ಮನೆಗೆ ರಾತ್ರಿ ಯಾರಿಗೂ ಕಾಣದಂತೆ ಹಣದ ಗಂಟು ಹಾಕಿ ಹೋದರು ಎಂಬುದು ಅವರ ಬಗೆಗಿನ ಐತಿಹ್ಯ. ಅಗತ್ಯವಿದ್ದವರಿಗೆ ಕೊಟ್ಟರು, ಕೊಟ್ಟದ್ದು ಯಾರೆಂದು ತಿಳಿಯದಂತೆ ಕೊಟ್ಟರು. ನಿಮ್ಮ ಆಫೀಸಿನ ಸೀಕ್ರೆಟ್ ಸಾಂಟಾದಲ್ಲಿ ಉಳಿದಿರುವುದು ಗುಟ್ಟು ಮಾತ್ರ, ಅಗತ್ಯ ಬಿಟ್ಟುಹೋಗಿದೆ. ಎಲ್ಲರ ಮೇಜಿನ ಮೇಲೂ ಬೇಡದ ಇನ್ನೊಂದು ಮಗ್ ಬಂದು ಕೂರುತ್ತದೆ. ಆಫೀಸಿನಲ್ಲಿ ಮಿತಿ ಹಾಕುವಂತೆ ಕೇಳಿ, ಆಗದಿದ್ದರೆ ಈ ವರ್ಷ ನಾನಿಲ್ಲ ಎಂದು ನಗುತ್ತಲೇ ಹೇಳಿ. ಮನೆಯಲ್ಲಿ ಮಾತ್ರ ಡಿಸೆಂಬರ್ 6ಕ್ಕೆ ನಿಜವಾದ ಸೀಕ್ರೆಟ್ ಸಾಂಟಾ ಆಡಿ. ನಮ್ಮ ಸುತ್ತ ಯಾರಿಗೆ ಏನು ಬೇಕಾಗಿದೆ ಎಂದು ಮಕ್ಕಳೇ ಪತ್ತೆ ಮಾಡಲಿ, ಕೊಟ್ಟದ್ದು ನಾವೆಂದು ಗೊತ್ತಾಗದಂತೆ ತಲುಪಿಸಲಿ. ಎರಡನೇ ಕ್ಲಾಸಿನ ಹುಡುಗನಿಗೆ ಗುಟ್ಟು ಕಾಪಾಡುವುದಕ್ಕಿಂತ ದೊಡ್ಡ ಆಟವಿಲ್ಲ.

ಮಕ್ಕಳಿಗೆ ಉಡುಗೊರೆ ಖಂಡಿತ ಕೊಡಿ. ಪ್ರತಿಯೊಬ್ಬರಿಗೂ ಅವರೇ ಬಹಳ ದಿನದಿಂದ ಬಯಸಿದ ಒಂದು ವಸ್ತು ಸಾಕು. ಆರನೇ ಕ್ಲಾಸಿನ ಮಗಳಿಗೆ ದುಡ್ಡಿನ ವಿಷಯ ನೇರವಾಗಿ ಹೇಳಬಹುದು. "ಹೋದ ವರ್ಷ ಸಾಲವಾಯಿತು, ಈ ವರ್ಷ ಇಷ್ಟರಲ್ಲಿ ಮಾಡುತ್ತೇವೆ" ಎಂದರೆ ಆ ವಯಸ್ಸಿನವರು ಅರ್ಥಮಾಡಿಕೊಳ್ಳುತ್ತಾರೆ. ಅಪ್ಪ ಅಮ್ಮ ಗುಟ್ಟಾಗಿ ಜಗಳವಾಡುವುದನ್ನು ಕೇಳಿಸಿಕೊಳ್ಳುವುದಕ್ಕಿಂತ ಈ ಮಾತು ಅವರಿಗೆ ಹಿತ.

ಬಾಗಿಲು ಅಲಂಕಾರದ ಸ್ಪರ್ಧೆಯನ್ನು ಮರೆತುಬಿಡಿ. ನಿಮ್ಮ ಮನೆಯ ಸಮಯ ಗೋದಲಿಗೆ ಹೋಗಲಿ. ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್ಮಸ್ ರಾತ್ರಿ ಅಸಿಸಿಯ ಸಂತ ಫ್ರಾನ್ಸಿಸ್ ಮೇವಿನ ದೋಣಿ, ಹುಲ್ಲು, ಒಂದು ಎತ್ತು, ಒಂದು ಕತ್ತೆ ತರಿಸಿ ಯೇಸು ಹುಟ್ಟಿದ ಬಡತನವನ್ನು ಊರವರ ಕಣ್ಣಿಗೆ ಕಾಣುವಂತೆ ಮಾಡಿದರು. ಗೋದಲಿ ಕಟ್ಟುವ ರೂಢಿಗೆ ಬಲ ಬಂದದ್ದು ಅಲ್ಲಿಂದ. ಅದರಲ್ಲಿ ದುಡ್ಡು ಕೊಟ್ಟು ತರುವಂಥದ್ದು ಏನೂ ಇರಲಿಲ್ಲ. ಕರಾವಳಿಯ ಮನೆಗಳಲ್ಲಿ ಗೋದಲಿಯ ಗದ್ದೆಗೆಂದು ಭತ್ತವನ್ನೋ ರಾಗಿಯನ್ನೋ ಮೊಳಕೆ ಬರಿಸುವುದುಂಟು. ಕ್ರಿಸ್ಮಸ್ಸಿಗೆ ಹತ್ತು ಹನ್ನೆರಡು ದಿನ ಮುಂಚೆ ಮಗನ ಕೈಯಲ್ಲಿ ರಾಗಿ ಬಿತ್ತಿಸಿ, ದಿನಾ ನೀರು ಚಿಮುಕಿಸುವ ಕೆಲಸ ಅವನದೇ ಇರಲಿ. ಆಗಮನ ಕಾಲದಲ್ಲಿ ಕಾಯುವುದು ಎಂದರೇನು ಎಂದು ಬೇರೆ ಪಾಠ ಹೇಳಬೇಕಾಗುವುದಿಲ್ಲ.

ಈಗ ಅಮ್ಮನ ವಿಷಯ. ಮೊದಲ ವರ್ಷದ ಹಬ್ಬದಲ್ಲಿ ಹೋದವರ ಹೆಸರೆತ್ತಿದರೆ ಎಲ್ಲರ ಮನಸ್ಸು ಕೆಡುತ್ತದೆ ಎಂದು ಮನೆಯವರೆಲ್ಲ ಬಾಯಿ ಕಟ್ಟಿಕೊಳ್ಳುವುದನ್ನು ನಾನು ಕಾಣುತ್ತಲೇ ಇರುತ್ತೇನೆ. ಹೆಸರೆತ್ತದಿದ್ದರೆ ದುಃಖ ಹೋಗುವುದಿಲ್ಲ, ಸಿಡುಕಾಗಿ, ತಲೆನೋವಾಗಿ, ನಿದ್ದೆಗೇಡಾಗಿ ಬರುತ್ತದೆ. ಅಮ್ಮನ ಹೆಸರಿನಲ್ಲಿ ಒಂದು ಪೂಜೆ ಹೇಳಿಸಿ. ಊರಿಗೆ ಹೋದಾಗ ಸಮಾಧಿಯ ಬಳಿ ಮಕ್ಕಳನ್ನೂ ಕರೆದುಕೊಂಡು ಹೋಗಿ. ನೆವ್ರಿ ಮಾಡುವ ದಿನ ಅಳು ಬಂದರೆ ಅಳಿ. ಅಜ್ಜಿಗಾಗಿ ಅಮ್ಮ ಅಳುವುದನ್ನು ನೋಡಿದರೆ ಮಕ್ಕಳಿಗೆ ಕೆಡುಕಾಗುವುದಿಲ್ಲ. ಒಂದು ಹಬ್ಬದಲ್ಲಿ ಸಂತೋಷವೂ ದುಃಖವೂ ಒಟ್ಟಿಗೆ ಇರಬಹುದು, ನೀವು ದಿನವಿಡೀ ನಗುತ್ತಿರಬೇಕು ಎಂಬ ಕಟ್ಟಳೆ ಯಾವ ಗ್ರಂಥದಲ್ಲೂ ಇಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಹಸಿವು ಸರಿಯಿಲ್ಲದೆ, ಯಾವುದರಲ್ಲೂ ಮನಸ್ಸಿಲ್ಲದೆ, ಬದುಕೇ ಬೇಡ ಎನ್ನುವಂಥ ಯೋಚನೆ ಬಂದರೆ ಅದನ್ನು ಹಬ್ಬದ ಗಡಿಬಿಡಿ ಎಂದು ತಳ್ಳಿಹಾಕಬೇಡಿ. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಕೊನೆಯದಾಗಿ, ನಿಜವಾದ ಕ್ರಿಸ್ಮಸ್ ಯಾವುದು ಎಂಬ ಮಾತು. ಲೂಕ ಹೇಳುವ ಕಥೆಯಲ್ಲಿ ಯಾರಾದರೂ ತಯಾರಾಗಿದ್ದರೇ ನೋಡಿ. ಜನಗಣತಿಗೆಂದು ಬಲವಂತದ ಪ್ರಯಾಣ, ತುಂಬು ಬಸುರಿ, ಛತ್ರದಲ್ಲಿ ಜಾಗವಿಲ್ಲ, ಮಗು ಮಲಗಿದ್ದು ಮೇವಿನ ದೋಣಿಯಲ್ಲಿ. ಮೊದಲು ನೋಡಲು ಬಂದವರು ರಾತ್ರಿ ಪಾಳಿಯಲ್ಲಿದ್ದ ಕುರುಬರು. ಮತ್ತಾಯ ಹೇಳುವ ಜ್ಞಾನಿಗಳು ದೂರದಿಂದ ಕೇಳುತ್ತಾ ಕೇಳುತ್ತಾ ಬಂದವರು, ತಲುಪಿದ್ದು ತಡವಾಗಿ. ಏನೂ ಸಜ್ಜಾಗಿರದ ಜಾಗಕ್ಕೆ ಯಾರು ಯಾರೋ ಬಂದರು, ಬಂದವರಿಗೆಲ್ಲ ಒಳಗೆ ಜಾಗ ಸಿಕ್ಕಿತು. ಹಬ್ಬದ ತಿರುಳು ಅಷ್ಟೇ ಎಂದು ನಾನು ತಿಳಿದಿದ್ದೇನೆ. ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ 24ರ ರಾತ್ರಿ ಡ್ಯೂಟಿಯಲ್ಲಿರುವ ಹುಡುಗ ಎಲ್ಲಿಯವನು ಎಂದು ವಿಚಾರಿಸಿ. ಜಾರ್ಖಂಡ್, ಒಡಿಶಾ, ಈಶಾನ್ಯ ರಾಜ್ಯಗಳಿಂದ ಬಂದು ಬೆಂಗಳೂರಿನಲ್ಲಿ ದುಡಿಯುವವರಲ್ಲಿ ಎಷ್ಟೋ ಜನ ಕ್ರೈಸ್ತರು. ರಜೆ ಸಿಗದೆ, ಟಿಕೆಟ್ಟಿಗೆ ದುಡ್ಡಾಗದೆ ಊರಿನ ಹಬ್ಬ ತಪ್ಪಿಸಿಕೊಂಡವರು ಅವರು. 25ರ ಊಟಕ್ಕೆ ಅಂಥ ಒಬ್ಬರನ್ನು ಕರೆಯಿರಿ. ಮನೆ ಪೂರ್ತಿ ಸಾರಿಸಿ ಗುಡಿಸಿರಬೇಕೆಂದಿಲ್ಲ, ಬಫಾತ್ ಅಂಗಡಿಯದಾದರೂ ನಡೆಯುತ್ತದೆ.

ಪಟ್ಟಿಯನ್ನು ಇವತ್ತೇ ತಲೆಯಿಂದ ಹಾಳೆಗೆ ಇಳಿಸಿ, ಹಾಳೆಯನ್ನು ಮನೆಯವರ ಮುಂದಿಡಿ. ನಿಮಗೆ ಬೇಕಾಗಿರುವುದು ಇನ್ನೆರಡು ಕೈ, ಇನ್ನಷ್ಟು ದಿನ. ದಿನಗಳನ್ನು ನಿಮ್ಮ ಚರ್ಚೇ ಕೊಟ್ಟಿದೆ. ಕೈಗಳನ್ನು ಮಾತ್ರ ನೀವು ಬಾಯಿ ಬಿಟ್ಟು ಕೇಳಬೇಕು, ಈ ಸಲ ಸಂಕೋಚಪಡದೆ ಕೇಳಿ.